ಸೈಕಲ್ ಸವಾರನ ಜೋಳವಾಳಿ

ಕ್ರೀಡಾಪಟುವಿನ ಕೀರ್ತಿಯನ್ನು ನಾವು ಸಾಮಾನ್ಯವಾಗಿ ಅವನ ಗೆಲುವುಗಳಿಂದ ಅಳೆಯುತ್ತೇವೆ. ಈ ಅಳತೆಗೋಲು ಎಲ್ಲೆಡೆಯೂ ಸಲ್ಲದು. ಜರ್ಮನಿಯ ಸೈಕಲ್ ಸವಾರ ಯೆನ್ಸ್ ಫೋಕ್ಟ್ ಜಗತ್ಪ್ರಸಿದ್ಧವಾದ ‘ಟೂರ್ ದ ಫ್ರಾನ್ಸ್’ ಪಂದ್ಯದಲ್ಲಿ 17 ಬಾರಿ ಭಾಗವಹಿಸಿದ. ಒಮ್ಮೆಯೂ ಪಂದ್ಯವನ್ನು ಗೆಲ್ಲಲಿಲ್ಲ. ಆದರೂ 2014ರಲ್ಲಿ ಆತ ನಿವೃತ್ತನಾದಾಗ ಅವನಷ್ಟು ಜನರ ಅಕ್ಕರೆಗೆ ಪಾತ್ರರಾದ ಸವಾರರು ವಿರಳವಾಗಿದ್ದರು.

ಫೋಕ್ಟ್ ಹುಟ್ಟಿದ್ದು 1971ರಲ್ಲಿ, ಅಂದಿನ ಪೂರ್ವ ಜರ್ಮನಿಯ ಗ್ರೇವೆಸ್‌ಮ್ಯೂಲೆನ್ ಎಂಬ ಊರಿನಲ್ಲಿ. ಆತ ವೃತ್ತಿಗಿಳಿದ 1997ರಲ್ಲಿಯೇ, ಪೂರ್ವ ಜರ್ಮನಿಯವನೇ ಆದ ಯಾನ್ ಉಲ್‌ರಿಖ್ ಟೂರ್ ಗೆದ್ದು ದೇಶದ ಕಣ್ಮಣಿಯಾದ.

ಸೈಕಲ್ ಓಟ ಹೊರಗಿನವರಿಗೆ ಬಿಡಿಬಿಡಿ ಸವಾರರ ಸ್ಪರ್ಧೆಯಂತೆ ಕಂಡೀತು. ನಿಜಕ್ಕೂ ಅದೊಂದು ದಂಡಯಾತ್ರೆ. ತಂಡಕ್ಕೊಬ್ಬ ನಾಯಕ, ಉಳಿದವರು ಗಾಳಿಗೆ ಎದೆಯೊಡ್ಡಿ ಅವನಿಗೆ ಮರೆಯಾಗಬೇಕು, ನೀರು ತಂದುಕೊಡಬೇಕು, ಎದುರಾಳಿ ಮುಂದೋಡಿದರೆ ಬೆನ್ನಟ್ಟಬೇಕು. ಗೆಲುವು ಮಾತ್ರ ನಾಯಕನ ಹೆಸರಿಗೆ.

2004ರ ಟೂರ್‌ನಲ್ಲಿ ಫೋಕ್ಟ್‌ನ ನಾಯಕ ಇಟಲಿಯ ಇವಾನ್ ಬಾಸೋ. ಆಲ್ಪ್ಸ್ ತಪ್ಪಲಿನ ಒಂದು ಹಂತದಲ್ಲಿ ಉಲ್‌ರಿಖ್ ಮುನ್ನುಗ್ಗಿದಾಗ, ಅವನಿಗಿಂತಲೂ ಮುಂದಿದ್ದ ಫೋಕ್ಟ್ ಹಿಂದೆ ಸರಿದು, ತನ್ನ ನಾಡಿನವನನ್ನೇ ಬೆನ್ನಟ್ಟಿ ಹಿಡಿಯಲು ನೆರವಾದ. ಮರುದಿನ ಆಲ್ಪ್ ದ್ಯೂಯೆಜ್ ಬೆಟ್ಟದ ದಾರಿಯಲ್ಲಿ ಜರ್ಮನ್ ಪ್ರೇಕ್ಷಕರು ಅವನನ್ನು ‘ಜೂದಾಸ್’ ಎಂದು ಹಳಿದರು.

ಪಂಪನ ಕರ್ಣನನ್ನು ಬಲ್ಲವರಿಗೆ ಈ ಸಂಕಟ ಅಪರಿಚಿತವಲ್ಲ. ಎದುರಿಗಿರುವವರು ತನ್ನವರು, ಉಂಡ ಅನ್ನದ ಋಣ ಬೇರೊಬ್ಬನದು. ಹಳಗನ್ನಡದಲ್ಲಿ ಇದಕ್ಕೆ ‘ಜೋಳವಾಳಿ’ ಎಂಬ ಸೊಗಸಾದ ಮಾತುಂಟು.

ಕಾಲದ ವಿಪರ್ಯಾಸವನ್ನು ನೋಡಿ. ನಿಷಿದ್ಧ ಮದ್ದಿನ ಪ್ರಕರಣಗಳಲ್ಲಿ ಬಾಸೋ 2007ರಲ್ಲಿ, ಉಲ್‌ರಿಖ್ 2012ರಲ್ಲಿ ಶಿಕ್ಷೆಗೊಳಗಾದರು. ಅಂದು ಇಬ್ಬರ ನಡುವೆ ಸಿಕ್ಕಿ ಬೈಗುಳ ಉಂಡವನು ಫೋಕ್ಟ್. ಆ ಕಾಲದ ಅನುಮಾನದ ನೆರಳು ಅವನನ್ನೂ ಬಿಡಲಿಲ್ಲ. ತಾನು ಮದ್ದು ಮುಟ್ಟಿಲ್ಲವೆಂದೇ ಆತ ಹೇಳುತ್ತ ಬಂದ.

ಹಾಗಾದರೆ ಜನ ಅವನಲ್ಲಿ ಮೆಚ್ಚಿದ್ದೇನು? ಗುಂಪಿನಿಂದ ಸಿಡಿದು, ಗೆಲ್ಲುವ ಭರವಸೆಯಿಲ್ಲದಿದ್ದರೂ ಗಂಟೆಗಟ್ಟಲೆ ಮುಂದೆ ತುಳಿಯುವ ಅವನ ಹಟವನ್ನು. 2005ರಲ್ಲಿ ಅಗ್ರಸ್ಥಾನದ ಹಳದಿ ಅಂಗಿ ತೊಟ್ಟವನು, ಅದನ್ನು ಕಳೆದುಕೊಂಡ ಮರುದಿನವೇ ಅವಧಿಯೊಳಗೆ ಗುರಿ ಮುಟ್ಟಲಾರದೆ ಪಂದ್ಯದಿಂದಲೇ ಹೊರಬಿದ್ದ. ಮರುವರ್ಷ ಮತ್ತೆ ಬಂದು ಮೋಂತೆಲಿಮಾರ್‌ನಲ್ಲಿ ಮುಗಿದ ದೀರ್ಘ ಹಂತವನ್ನು ಗೆದ್ದ. 2010ರಲ್ಲಿ ಪಿರೆನೀಸ್ ಪರ್ವತದ ಇಳಿಜಾರಿನಲ್ಲಿ ಬಿದ್ದು ಸೈಕಲ್ ಮುರಿಯಿತು. ತಂಡದ ಕಾರುಗಳು ಮುಂದೆ ಹೋಗಿದ್ದವು. ಮೈಯೆಲ್ಲ ತರಚಿದ್ದರೂ ಆತ ಪಂದ್ಯ ಬಿಡಲಿಲ್ಲ. ಸಿಕ್ಕಿದ ಹುಡುಗರ ಪುಟ್ಟ ಸೈಕಲ್ಲನ್ನೇ ಏರಿ, ಬೇರೆ ಸೈಕಲ್ ದೊರೆಯುವವರೆಗೆ ಅದನ್ನೇ ತುಳಿದು, ಆ ದಿನದ ಗುರಿ ಮುಟ್ಟಿದ. ನೋಯುವ ಕಾಲುಗಳಿಗೆ ‘ಬಾಯಿ ಮುಚ್ಚಿ’ ಎಂದು ಗದರಿಸುವ ಅವನ ಮಾತು ಅಭಿಮಾನಿಗಳ ನಾಲಗೆಯ ಮೇಲೆ ನಾಣ್ಣುಡಿಯಾಯಿತು.

2014ರ ಸೆಪ್ಟೆಂಬರ್ 18ರಂದು, 43 ತುಂಬಿದ ಮರುದಿನ, ಸ್ವಿಟ್ಜರ್ಲೆಂಡಿನ ಗ್ರೆಂಖೆನ್ ಪಟ್ಟಣದಲ್ಲಿ ಒಂದು ಗಂಟೆಯಲ್ಲಿ 51.110 ಕಿಲೋಮೀಟರು ತುಳಿದು ವಿಶ್ವದಾಖಲೆ ಸ್ಥಾಪಿಸಿ ಆತ ಕಣದಿಂದ ನಿರ್ಗಮಿಸಿದ. ಆ ದಾಖಲೆ ಬಾಳಿದ್ದು 42 ದಿನ ಮಾತ್ರ. ಅಂಕಿಗಳನ್ನು ಮುರಿಯಲು ಇನ್ನೊಬ್ಬ ಬರುತ್ತಾನೆ. ಹುಡುಗರ ಸೈಕಲ್ ಏರಿ ಬೆಟ್ಟವಿಳಿದು ಬಂದವನ ನೆನಪನ್ನು ಅಳಿಸಲು ಯಾರೂ ಬರಲಾರರು.