ಖಲೀಫರ ಪತ್ರ ಮತ್ತು ನಮ್ಮ ಮಿಂಬರ್

(ಕೊಡಿಗೇನಹಳ್ಳಿಯಲ್ಲಿ ನಡೆದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಗಡಿ ಎಂದರೇನೆಂದು ಕೊಡಿಗೇನಹಳ್ಳಿಯವರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ಜಯಮಂಗಲಿಯು ಈ ಸೀಮೆಯನ್ನು ದಾಟಿ ಆಂಧ್ರಕ್ಕೆ ಹರಿದು ಪೆನ್ನಾರ್ ನದಿಯನ್ನು ಸೇರುತ್ತದೆ. ಪೇಟೆಯ ಕೆಲಸಕ್ಕೆ ನಮಗೆ ಮಧುಗಿರಿಯೂ ಬೇಕು, ಹಿಂದೂಪುರವೂ ಬೇಕು. ಈ ಸೀಮೆಯ ನೆಲಕ್ಕಾಗಿ ನಡೆದ ಕಾದಾಟಗಳೂ ಕಡಿಮೆಯಲ್ಲ. ಶಿರಾ 1687ರಲ್ಲಿ ಮೊಗಲರ ವಶವಾಯಿತು, 1757ರಲ್ಲಿ ಮರಾಠರ ಪಾಲಾಯಿತು, 1761ರಲ್ಲಿ ಹೈದರಲಿಯವರ ಕೈಸೇರಿತು. ಆ ಕಾಲದಲ್ಲಿ ಜುಮಾ ಖುತ್ಬಾದಲ್ಲಿ ಯಾವ ದೊರೆಯ ಹೆಸರು ಓದಬೇಕೆಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ. ನೆಲ ಯಾರದೆಂಬುದಕ್ಕೆ ಅದೇ ಒಂದು ಸಾಕ್ಷಿ. ನೆಲ ಗೆಲ್ಲಲು ಹೊರಟವನಿಗೆ ಫಿರಂಗಿಯಂತೆ ಮಿಂಬರ್ ಕೂಡಾ ಬೇಕಾಗುತ್ತಿತ್ತು.

ಇದಕ್ಕೆ ನಮ್ಮ ನಾಡಿನಲ್ಲೇ ನಡೆದ ಒಂದು ಪ್ರಸಂಗವನ್ನು ನೆನಪಿಸುತ್ತೇನೆ. ಟಿಪ್ಪು ಸುಲ್ತಾನರು 1786ರಲ್ಲಿ ಉಸ್ಮಾನಿ ಖಲೀಫರ ಬಳಿಗೆ ರಾಯಭಾರಿಗಳನ್ನು ಕಳುಹಿಸಿದ್ದರು. ಆದರ ಸಿಕ್ಕಿತು, ಸೈನ್ಯ ಸಿಗಲಿಲ್ಲ. ಹನ್ನೆರಡು ವರ್ಷಗಳ ಬಳಿಕ ಅದೇ ಪೀಠದಿಂದ ಟಿಪ್ಪುವಿಗೆ ಒಂದು ಪತ್ರ ಬಂತು. ಅದನ್ನು ತಲುಪಿಸಿದವರು ಯಾರು ಗೊತ್ತೇ? ಇಂಗ್ಲಿಷರು!

1798ರ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ್ದ. ಈಜಿಪ್ಟ್ ಉಸ್ಮಾನಿಯರ ನೆಲ. ಆದ್ದರಿಂದ ಸೆಪ್ಟೆಂಬರ್ 20ರಂದು ಮೂರನೇ ಸಲೀಮರು ಟಿಪ್ಪುವಿಗೆ ಪತ್ರ ಬರೆದರು. ಫ್ರೆಂಚರು ಇಸ್ಲಾಮಿನ ಶತ್ರುಗಳು, ಅವರ ಸಖ್ಯ ಬಿಡಿ, ಇಂಗ್ಲಿಷರ ಮೇಲೆ ಯುದ್ಧಕ್ಕೆ ಹೋಗಬೇಡಿ, ಅವರಿಂದ ಅನ್ಯಾಯವಾಗಿದ್ದರೆ ತಿಳಿಸಿ, ನಾವು ಸರಿಪಡಿಸುತ್ತೇವೆ ಎಂಬುದು ಅದರ ತಾತ್ಪರ್ಯ. ಗವರ್ನರ್ ಜನರಲ್ ವೆಲ್ಲೆಸ್ಲಿ 1799ರ ಜನವರಿ 16ರಂದು ತನ್ನದೂ ಒಂದು ಪತ್ರ ಸೇರಿಸಿ ಅದನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಿದ. ನಿಮ್ಮ ಧರ್ಮದ ಮುಖ್ಯಸ್ಥರ ಬುದ್ಧಿಮಾತನ್ನಾದರೂ ಕೇಳಿ ಎಂದು ಉಪದೇಶ ಬೇರೆ.

ಖಲೀಫರು ಕಪಟಿಗಳಾಗಿದ್ದರೆಂದು ನಾನು ಹೇಳುವುದಿಲ್ಲ. ಅವರ ಸಂಕಟ ನಿಜವಾಗಿತ್ತು. ಆದರೆ 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ ದೊರೆಯ ಸಂಕಟವೂ ನಿಜವೇ ಆಗಿತ್ತು. ಟಿಪ್ಪು ಗೌರವದಿಂದಲೇ ಉತ್ತರ ಬರೆದರು. ನ್ಯಾಯ ಮಾಡಿಸುವೆವೆಂದು ಖಲೀಫರು ಕೊಟ್ಟ ಮಾತಿಗೆ ಯಾರು ಕಾದರು? ಮೇ 4ರಂದು ಕೋಟೆ ಬಿತ್ತು, ಸುಲ್ತಾನರು ಹುತಾತ್ಮರಾದರು. ಪತ್ರ ಬೇಕಾಗಿದ್ದದ್ದು ಟಿಪ್ಪುವಿನ ಕೈ ಕಟ್ಟಲಿಕ್ಕೆ, ಮಧ್ಯಸ್ಥಿಕೆಗಲ್ಲ.

ಇನ್ನೂ ಒಂದು ಮಾತಿದೆ. 1914ರ ನವೆಂಬರ್‌ನಲ್ಲಿ ಅದೇ ಖಿಲಾಫತ್ ಪೀಠವು ಬ್ರಿಟನ್ನಿನ ವಿರುದ್ಧ ಜಿಹಾದ್ ಘೋಷಿಸಿದಾಗ, ಇದು ಧರ್ಮದ ಯುದ್ಧವಲ್ಲವೆಂದು ಭಾರತದ ಮುಸ್ಲಿಮರಿಗೆ ತಿಳಿಹೇಳಿದವರೂ ಬ್ರಿಟಿಷರೇ!

ಹಾಗೆಂದು ದೋಷವನ್ನೆಲ್ಲ ಪರರ ಮೇಲೆ ಹೊರಿಸಿ ಕೈತೊಳೆದುಕೊಳ್ಳಬಾರದು. 1791ರಲ್ಲಿ ಮರಾಠರ ಸವಾರರು ಶೃಂಗೇರಿಯನ್ನು ಕೊಳ್ಳೆ ಹೊಡೆದಾಗ ಟಿಪ್ಪು ಮಠಕ್ಕೆ ನೆರವು ನೀಡಿ ಜಗದ್ಗುರುಗಳಿಗೆ ಬರೆದ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಅವರು ಮತಾಂಧರಲ್ಲವೆಂದು ತೋರಿಸಲು ನಾವು ಅವನ್ನು ಪದೇ ಪದೇ ಉಲ್ಲೇಖಿಸುತ್ತೇವೆ. ಸರಿಯೇ. ಆದರೆ ಆ ಪತ್ರಗಳಲ್ಲಿ ಶತ್ರುಗಳ ನಾಶಕ್ಕಾಗಿ ಪ್ರಾರ್ಥಿಸಿರೆಂಬ ಕೋರಿಕೆಯೂ ಇದೆ. ಯುದ್ಧದಲ್ಲಿರುವ ದೊರೆಗೆ ಗುರುಗಳ ಪ್ರಾರ್ಥನೆ ತನ್ನ ಪಾಳೆಯದಲ್ಲೇ ಇರಬೇಕು. ಗುರು ಹಿಂದೂವಾದರೂ ಅಷ್ಟೇ, ಮುಸ್ಲಿಮನಾದರೂ ಅಷ್ಟೇ.

ಹಾಗಾದರೆ ಧರ್ಮಗುರುಗಳಿಂದ ಗಡಿ ವಿವಾದ ಬಗೆಹರಿದದ್ದೇ ಇಲ್ಲವೇ? ಇದೆ. ದಕ್ಷಿಣ ಅಮೆರಿಕದ ತುದಿಯಲ್ಲಿರುವ ಮೂರು ಪುಟ್ಟ ದ್ವೀಪಗಳಿಗಾಗಿ 1978ರ ಡಿಸೆಂಬರ್‌ನಲ್ಲಿ ಅರ್ಜೆಂಟೀನ ಮತ್ತು ಚಿಲಿ ಯುದ್ಧಕ್ಕೆ ನಿಂತಿದ್ದವು. ನೌಕಾಪಡೆ ಹೊರಟಾಗಿತ್ತು. ಆಗ ಪೋಪ್ ಎರಡನೇ ಜಾನ್ ಪಾಲ್ ಅವರು ಕಾರ್ಡಿನಲ್ ಅಂತೋನಿಯೊ ಸಮೊರೆ ಎಂಬ ವೃದ್ಧರನ್ನು ಕಳುಹಿಸಿದರು. ಅವರು ಎರಡು ರಾಜಧಾನಿಗಳ ನಡುವೆ ಓಡಾಡಿದರು. 1979ರ ಜನವರಿ 8ರಂದು ಎರಡೂ ಸರಕಾರಗಳು ಬಲಪ್ರಯೋಗ ಮಾಡುವುದಿಲ್ಲವೆಂದು ಸಹಿ ಹಾಕಿ ಪೋಪರ ಮಧ್ಯಸ್ಥಿಕೆಯನ್ನು ಕೋರಿದವು. ಒಪ್ಪಂದಕ್ಕೆ ಮತ್ತೂ ಸುಮಾರು ಆರು ವರ್ಷ ಹಿಡಿಯಿತು. 1984ರ ನವೆಂಬರ್ 29ರಂದು ಅದಕ್ಕೆ ಸಹಿ ಬಿದ್ದಾಗ ಸಮೊರೆ ಬದುಕಿರಲಿಲ್ಲ, 1983ರಲ್ಲೇ ತೀರಿಕೊಂಡಿದ್ದರು. ಎರಡೂ ಕ್ಯಾಥೊಲಿಕ್ ದೇಶಗಳಾದ್ದರಿಂದ ಇದು ಸಾಧ್ಯವಾಯಿತೆನ್ನಬಹುದು. ಅದೂ ಒಂದು ಕಾರಣ. ಆದರೆ ಆ ದ್ವೀಪಗಳಲ್ಲಿ ಪೋಪರಿಗೆ ಗೇಣು ನೆಲವೂ ಬೇಕಾಗಿರಲಿಲ್ಲ. ಅದೇ ಪೀಠದಿಂದ 1493ರಲ್ಲಿ ಸ್ಪೇನ್ ಮೂಲದ ಪೋಪರೊಬ್ಬರು ತಾವು ಕಂಡೇ ಇರದ ನೆಲವನ್ನು ಸ್ಪೇನಿಗೆ ದಾನ ಬರೆದುಕೊಟ್ಟಿದ್ದರೆಂಬುದನ್ನೂ ಮರೆಯಬಾರದು.

ಪ್ರವಾದಿ(ಸ)ರವರು ಹುದೈಬಿಯಾದಲ್ಲಿ ಏನು ಮಾಡಿದರು? ಎದುರು ಪಕ್ಷದವರು ಆಕ್ಷೇಪಿಸಿದಾಗ ಒಪ್ಪಂದಪತ್ರದಿಂದ 'ಅಲ್ಲಾಹನ ರಸೂಲ್' ಎಂಬ ಪದವನ್ನೇ ಅಳಿಸಲು ಒಪ್ಪಿದರು. ಸಂಗಾತಿಗಳಿಗೆ ಅದು ಸಹಿಸಲಾಗದ ನೋವಾಯಿತು. ಆದರೂ ಒಪ್ಪಂದ ಉಳಿಯಿತು. ಇದನ್ನು ಮಿಂಬರಿನಿಂದ ಎಷ್ಟೋ ಸಲ ಕೇಳಿದ್ದೇವೆ. ಭಾರತ ಪಾಕಿಸ್ತಾನಗಳ ನಡುವೆ ಗುಂಡು ಹಾರಿದ ವಾರ ಇದು ನಮಗೆ ನೆನಪಾಗುತ್ತದೆಯೇ?

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯನ್ನು ಕೊಲ್ಲಲಾಯಿತು. ಆ ಶುಕ್ರವಾರ ಶ್ರೀನಗರದ ಜಾಮಿಯಾ ಮಸೀದಿಯಲ್ಲಿ ಮೀರ್‌ವಾಯಿಝ್ ಉಮರ್ ಫಾರೂಕ್ ಅವರ ಸಮ್ಮುಖದಲ್ಲಿ ಜನರು ಮೃತರಿಗಾಗಿ ಒಂದು ನಿಮಿಷ ಮೌನವಾಗಿ ನಿಂತರು. ಯಾವ ವಿವಾದಿತ ನೆಲದ ಹೆಸರಿನಲ್ಲಿ ರಕ್ತ ಹರಿಯುತ್ತಿದೆಯೋ ಆ ನೆಲದ ದೊಡ್ಡ ಮಸೀದಿಯೇ ಮೊದಲು ಸತ್ತವರ ಕಡೆಗೆ ನೋಡಿತು. ಆ ವಾರ ನಮ್ಮ ಊರುಗಳಲ್ಲಿ ಏನಾಯಿತು? ಕೆಲವೆಡೆ ಇಮಾಮರು ಭಯದಿಂದ ಬಾಯಿ ಬಿಡಲಿಲ್ಲ. ಕೆಲವೆಡೆ ದೇಶಭಕ್ತಿಯ ಸರ್ಟಿಫಿಕೇಟಿಗಾಗಿ ಟಿವಿಯವರ ಮಾತನ್ನೇ ಮಿಂಬರಿನಿಂದ ಒಪ್ಪಿಸಲಾಯಿತು. ಎರಡೂ ನಮ್ಮ ಉಲಮಾಗಳ ಸ್ಥಾನಕ್ಕೆ ತಕ್ಕುದಲ್ಲ.

ಇಲ್ಲಿಯ ಮಸೀದಿ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಗಡಿಯಲ್ಲಿ ಉದ್ವಿಗ್ನತೆ ಹುಟ್ಟಿದ ಮೊದಲ ಶುಕ್ರವಾರ ಏನು ಹೇಳಬೇಕೆಂಬುದನ್ನು ಇಮಾಮರ ತಲೆಯ ಮೇಲೊಂದಕ್ಕೇ ಹೊರಿಸಬೇಡಿ. ಹಿಂದಿನ ದಿನವೇ ಅವರೊಡನೆ ಕುಳಿತುಕೊಳ್ಳಿ. ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಖುತ್ಬಾಕ್ಕೆ ತರಬೇಡಿ. ಅಮಾಯಕರ ಹತ್ಯೆಯನ್ನು, ಕೊಂದವನ ಹೆಸರು ನೋಡದೆ ಖಂಡಿಸಿ. ಎರಡೂ ಕಡೆಯ ಹಳ್ಳಿಗರಿಗಾಗಿ ದುಆ ಮಾಡಿ. ನಮಾಝ್ ಮುಗಿದ ಬಳಿಕ ನಾಲ್ಕು ಮಂದಿ ಎದ್ದು, ಊರಿನ ಹಿಂದೂ ಹಿರಿಯರ ಮನೆಗೆ ನಡೆದು ಹೋಗಿ. ಅವರು ಕರೆಯುವವರೆಗೆ ಕಾಯಬೇಡಿ.