ಎತ್ತರದ ಮನೆಗಳ ಲೆಕ್ಕ

(ಇಳಕಲ್ಲಿನಲ್ಲಿ ಗಿರಣಿ ಕೆಲಸಗಾರರು, ನೇಕಾರರು ಹಾಗೂ ಚಿಕ್ಕ ವ್ಯಾಪಾರಸ್ಥರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಂಗಳೂರಿನ ಮುಗಿಲೆತ್ತರದ ಮನೆಗಳ ಬಗ್ಗೆ ಮಾತಾಡುತ್ತೇನೆಂದು ಹೇಳಿದಾಗ ನಮ್ಮ ಕಾರ್ಯಕರ್ತರಲ್ಲಿಯೇ ಒಬ್ಬರು ನಕ್ಕರು. ಮಾಳಿಗೆ ಸೋರುವುದನ್ನು ನಿಲ್ಲಿಸಲಾಗದವರಿಗೆ ಇಪ್ಪತ್ತು ಅಂತಸ್ತಿನ ಚಿಂತೆ ಏಕೆ ಎಂದು ಅವರ ಪ್ರಶ್ನೆ. ನಾನು ಅವರನ್ನು ಅಂದು ಸಂಜೆ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ನೀವೂ ಹೋಗಿ ನೋಡಿರಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು, ಎಲ್ಲಿಂದಲೂ ರಾತ್ರಿಯ ಬಸ್ಸುಗಳು ಬೆಂಗಳೂರಿಗೆ ತುಂಬಿ ಹೋಗುತ್ತವೆ. ಒಂದು ಸೀಟಿನಲ್ಲಿ ತೊಡೆಯ ಮೇಲೆ ಕಂಪ್ಯೂಟರಿನ ಚೀಲ ಇಟ್ಟುಕೊಂಡ ತರುಣ. ಹಿಂದಿನ ಸೀಟಿನಲ್ಲಿ ಜೋಳದ ಹಿಟ್ಟಿನ ಗಂಟು, ಕಟಿ ರೊಟ್ಟಿಯ ಕಟ್ಟು, ಮಡಿಲಲ್ಲಿ ಕೂಸು ಇಟ್ಟುಕೊಂಡ ಗೌಂಡಿ ಕೆಲಸದ ದಂಪತಿಗಳು. ಒಬ್ಬ ಕಟ್ಟಿ ಮುಗಿದ ಮನೆಯ ಕಂತು ತುಂಬಲು ಹೊರಟವನು, ಇನ್ನೊಬ್ಬ ಅದರ ಪಕ್ಕದ ಮನೆಯನ್ನು ಕಟ್ಟಲು ಹೊರಟವನು. ಆ ಮನೆಗಳ ನೆಲಕ್ಕೆ ಹಾಸುವ ಕೆಂಪು ಗ್ರಾನೈಟು ನಮ್ಮ ಇಳಕಲ್ಲಿನ ಗಣಿಗಳಿಂದ ದೇಶಾಂತರ ಹೋಗುವ ಕಲ್ಲು. ಸಿಮೆಂಟಿನ ಕಾರಖಾನೆಗಳು ನಮ್ಮ ಜಿಲ್ಲೆಯಲ್ಲಿಯೇ ಇವೆ. ಕಲ್ಲು ನಮ್ಮದು, ಕೈ ನಮ್ಮದು, ಈಗ ಸಾಲವೂ ನಮ್ಮದಾಗಿದೆ. ಆದ್ದರಿಂದ ಈ ಮಾತು ನಮ್ಮ ಓಣಿಯ ಮಾತೇ ಆಗಿದೆ.

ನಾನು ಕೆಲವು ವರ್ಷ ಕನ್ನಡ ಕಲಿಸಿದವನು. ‘ಅಂತಸ್ತು’ ಎಂಬ ಒಂದೇ ಶಬ್ದಕ್ಕೆ ಮನೆಯ ಮಜಲು ಎಂದೂ ಅರ್ಥ, ಮನುಷ್ಯನ ದರ್ಜೆ ಎಂದೂ ಅರ್ಥ. ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುವಾಗ ನನಗೇನೂ ಅನ್ನಿಸಿರಲಿಲ್ಲ. ನನ್ನೊಡನೆ ಒಂದೇ ಬೆಂಚಿನಲ್ಲಿ ಕಲಿತ ಗೆಳೆಯನೊಬ್ಬನ ಸಂಗತಿ ತಿಳಿದ ಮೇಲೆ ಆ ಶಬ್ದ ಬೇರೆಯಾಗಿಯೇ ಕೇಳಿಸುತ್ತಿದೆ.

ಈ ಗೆಳೆಯ ನೇಕಾರರ ಮಗ. ತಂದೆಯದು ಎರಡು ಕುಣಿಮಗ್ಗದ ಮನೆ. ಮುಂದೆ ಪಡಸಾಲೆಯಲ್ಲಿ ಮಗ್ಗ, ಒಳಗೆ ಅಡಿಗೆ, ಹಿತ್ತಲಲ್ಲಿ ಬಣ್ಣದ ನೂಲು ಒಣಗಿಸುವ ಗಳ. ಅಂಥ ಮನೆ ನಿಮ್ಮೆಲ್ಲರಿಗೂ ಗೊತ್ತು. ಅಲ್ಲಿ ಮನೆ ಬೇರೆ, ದುಡಿಮೆ ಬೇರೆ ಎಂಬುದಿಲ್ಲ. ಹಾಗೆಯೇ ನಮ್ಮ ಪೇಟೆಯ ವ್ಯಾಪಾರಸ್ಥನದೂ ಮುಂದೆ ಅಂಗಡಿ, ಹಿಂದೆ ಸಂಸಾರ. ನಮ್ಮ ಕಡೆಯ ಮನೆ ಯಜಮಾನನೊಡನೆ ತಾನೂ ದುಡಿಯುತ್ತದೆ. ಹದಿನಾಲ್ಕನೆಯ ಅಂತಸ್ತಿನ ಮನೆ ದುಡಿಯುವುದಿಲ್ಲ, ಬರೇ ಉಣ್ಣುತ್ತದೆ. ಅಲ್ಲಿ ಮಗ್ಗ ಹೂಡಲು ಕುಣಿ ತೋಡಲಾಗದು, ಬಾಗಿಲಲ್ಲಿ ನಾಲ್ಕು ಡಬ್ಬಿ ಇಟ್ಟು ಮಾರಲಾಗದು, ಒಂದು ಆಡು ಕಟ್ಟಲಾಗದು. ಹೊರಗಿನಿಂದ ಸಂಬಳ ಬರುವವರೆಗೆ ಅದು ಮನೆ. ಸಂಬಳ ನಿಂತ ದಿನ ಅದು ಸಾಲದ ಕಾಗದ.

ವ್ಯಾಪಾರಸ್ಥರು ಲೆಕ್ಕ ಬಲ್ಲವರು, ನಾನು ಹೇಳುವುದನ್ನು ಕೂಡಿಸಿ ನೋಡಿರಿ. ಐವತ್ತು ಲಕ್ಷದ ಫ್ಲಾಟು ಎನ್ನೋಣ. ಹತ್ತು ಲಕ್ಷ ಕೈಯಿಂದ, ನಾಲ್ವತ್ತು ಲಕ್ಷ ಬ್ಯಾಂಕಿನಿಂದ. ಬಡ್ಡಿ ನೂರಕ್ಕೆ ಎಂಟೂವರೆ, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 34,700 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 28,333 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಲ್ಲುವುದು ಆರು ಸಾವಿರದ ಮುನ್ನೂರು ಚಿಲ್ಲರೆ. ಹನ್ನೆರಡನೆಯ ವರ್ಷ ಮುಗಿಯುತ್ತ ಬರುವವರೆಗೆ ಪ್ರತಿ ಕಂತಿನಲ್ಲಿ ಬಡ್ಡಿಯ ಪಾಲೇ ದೊಡ್ಡದು. 240 ಕಂತು ತುಂಬಿ ಮುಗಿಸಿದಾಗ ನಾಲ್ವತ್ತು ಲಕ್ಷಕ್ಕೆ ಕೊಟ್ಟದ್ದು 83 ಲಕ್ಷಕ್ಕೂ ಮಿಕ್ಕಿ. ನಮ್ಮ ಸಾವಕಾರನ ಬಡ್ಡಿ ಇದಕ್ಕಿಂತ ಕ್ರೂರವಾದದ್ದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾವಕಾರನ ಹತ್ತಿರ ಹೋಗಿ ಈ ಸಲ ಸೀರೆ ಮಾರಿಲ್ಲವೆಂದು ಕೈಮುಗಿಯಬಹುದು. ಬ್ಯಾಂಕಿನ ಕಂತು ತಾನಾಗಿಯೇ ಖಾತೆಯಿಂದ ಕಡಿದುಕೊಳ್ಳುತ್ತದೆ. ಅದಕ್ಕೆ ಮುಖವಿಲ್ಲ.

ಇದರ ಮೇಲೆ ಮನೆ ನೋಡಿಕೊಳ್ಳುವ ಖರ್ಚು ಬೇರೆ. ಲಿಫ್ಟು, ಪಹರೆ, ಕಸ, ವಿದ್ಯುತ್ತು ಹೋದಾಗ ಓಡುವ ಜನರೇಟರು, ಇವೆಲ್ಲ ಚದರ ಅಡಿಯ ಲೆಕ್ಕದಲ್ಲಿ ತಿಂಗಳು ತಿಂಗಳು ಬರುತ್ತವೆ. ನೀರಿನ ಮಾತು ಕೇಳಿರಿ. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿದಾಗ, ಟ್ಯಾಂಕರಿನವರು ಕೇಳಿದಷ್ಟು ಕೊಡಬೇಕಾಗಿ ಬಂದು, ಕೊನೆಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು. ಕೋಟಿ ಬೆಲೆಯ ಮನೆಗಳಲ್ಲಿಯೂ ಬಕೆಟ್ಟು ಎಣಿಸಿ ಸ್ನಾನ ಮಾಡಿದರು. ಅಂದು ನಮ್ಮ ತಾಯಂದಿರಿಗೆ ಅವರ ಕಷ್ಟ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರಲಾರದು.

ಇನ್ನು ಮನಸ್ಸಿನ ಮಾತು. ಗೆಳೆಯನ ತಂದೆಯವರು ಮಗನ ಹೊಸ ಮನೆ ನೋಡಲೆಂದು ಹೋದರು. ಎಪ್ಪತ್ತು ದಾಟಿದ ಹಿರಿಯರು. ಒಂದು ತಿಂಗಳು ಇರಲು ಹೋದವರು ಹತ್ತೊಂಬತ್ತನೆಯ ದಿನ ಬಂದುಬಿಟ್ಟರು. “ಹ್ಯಾಂಗಿತ್ತು ಕಾಕಾ?” ಎಂದು ಕೇಳಿದೆ. “ಮಾಸ್ತರ, ಎಲ್ಲಾ ಐತಿ. ಕಟ್ಟಿ ಒಂದ ಇಲ್ಲ” ಎಂದರು. ಕುಳಿತುಕೊಳ್ಳುವ ಕಟ್ಟೆ ಇಲ್ಲ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಎದುರು ಬಾಗಿಲು ಮುಚ್ಚಿದ್ದು, ಮಗ್ಗುಲ ಬಾಗಿಲು ಮುಚ್ಚಿದ್ದು. ಅವರು ಲಿಫ್ಟಿನಲ್ಲಿ ಇಳಿದು ಬಂದು ಗೇಟಿನ ಕಾವಲುಗಾರನ ಹತ್ತಿರ ಕೂಡುತ್ತಿದ್ದರಂತೆ. ಅವನು ಒಡಿಶಾದವನು. ಅವನಿಗೆ ಕನ್ನಡ ಬಾರದು, ಇವರಿಗೆ ಅವನ ಭಾಷೆ ಬಾರದು. ತಂಬಾಕಿನ ಚೀಲ ಮಾತ್ರ ಇಬ್ಬರಿಗೂ ತಿಳಿಯಿತು. ಒಂದು ವಾರ ಸುಖವಾಗಿ ಕಳೆದ ಮೇಲೆ, ಗೇಟಿನ ಬಳಿ ಯಾರೂ ಕೂಡಬಾರದೆಂದು ಮನೆಮನೆಗೆ ಸೂಚನೆ ಬಂತು. ಮಗ ತಂದೆಗೆ ಅದನ್ನು ಓದಿ ಹೇಳಲಿಲ್ಲ. “ಅಪ್ಪಾ, ಕೆಳಗ ಬಿಸಲ ಭಾಳ ಐತಿ, ಹೋಗಬ್ಯಾಡ” ಎಂದನಂತೆ. ಇವರಿಗೆ ತಿಳಿಯದೆ ಇರುತ್ತದೆಯೇ?

ಆದರೆ ಅವರು ಬೇಗ ಬಂದದ್ದು ಅದಕ್ಕಲ್ಲ. ಸೊಸೆಯ ಕೊರಳಲ್ಲಿ ಬೋರಮಾಳ ಇರಲಿಲ್ಲ. ಮದುವೆಯಲ್ಲಿ ಇವರೇ ಮಾಡಿಸಿ ಹಾಕಿದ್ದು. ಕೇಳಿದರೆ ಲಾಕರಿನಲ್ಲಿದೆ ಎಂದಳು. ನಿಜ ಹೊರಗೆ ಬಂದದ್ದು ನನ್ನಿಂದ, ನನಗೆ ಬಂದದ್ದು ಗೆಳೆಯನ ಬಾಯಿಂದ. ಅವನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ದಿನಾಲು ಮುಂಜಾನೆ ಚೀಲ ಹಾಕಿಕೊಂಡು ಹೊರಗೆ ಹೋಗುತ್ತಿದ್ದ, ಎಲ್ಲೋ ಗ್ರಂಥಾಲಯದಲ್ಲಿ ಕುಳಿತು ಅರ್ಜಿ ಬರೆದು, ಸಂಜೆ ಮನೆಗೆ ಬರುತ್ತಿದ್ದ. ಎರಡು ಕಂತು ಬಂಗಾರ ಒತ್ತೆ ಇಟ್ಟ ಹಣದಿಂದ ಹೋಗಿದ್ದವು. “ಅಪ್ಪಗ ಹೇಳಬ್ಯಾಡೋ” ಎಂದು ಫೋನಿನಲ್ಲಿ ಅತ್ತ. ನನ್ನೊಡನೆ ಕಬಡ್ಡಿ ಆಡಿ ಮೊಣಕಾಲು ಮುರಿದುಕೊಂಡಾಗ ಅಳದವನು. ಊರಿನಲ್ಲಿ ಮಗ್ಗ ನಿಂತರೆ ಓಣಿಗೆಲ್ಲ ಕೇಳುತ್ತದೆ. ಲಾಳಿಯ ಸದ್ದು ನಿಂತಿತೆಂದರೆ ನೆರೆಯವರು ಬಂದು ಏನಾಯಿತೆಂದು ಕೇಳುತ್ತಾರೆ, ಅಷ್ಟಿಷ್ಟು ಮಾತಿನಿಂದ ಚುಚ್ಚುತ್ತಾರೆ ಕೂಡ, ಅದನ್ನು ಮುಚ್ಚುವುದಿಲ್ಲ. ಅಲ್ಲಿ ನೂರಿಪ್ಪತ್ತು ಮನೆಗಳ ನಡುವೆ ಒಬ್ಬನ ದುಡಿಮೆ ನಿಂತದ್ದು ಒಬ್ಬರಿಗೂ ಕೇಳಿಸಲಿಲ್ಲ.

ಕಳೆದ ತಿಂಗಳು ಆ ಹಿರಿಯರು ಮಗ್ಗದ ಮನೆಯ ಕಾಗದಗಳನ್ನು ಅರಿವೆಯಲ್ಲಿ ಸುತ್ತಿಕೊಂಡು ನನ್ನ ಹತ್ತಿರ ಬಂದರು. ಒತ್ತೆ ಇಟ್ಟರೆ ಎಷ್ಟು ಬಂದೀತು ಎಂದು ಕೇಳಿದರು. ನಾನು ಮೊದಲ ಸಲ ಎಲ್ಲ ಹೇಳಿದೆ, ಗೆಳೆಯನಿಗೆ ಕೊಟ್ಟ ಮಾತು ಮುರಿದೆ. ದುಡಿಯುವ ಮನೆಯನ್ನು ಉಣ್ಣುವ ಮನೆಗೆ ಹಾಕಬೇಡಿರಿ, ಮೊದಲು ಮಗ ಬ್ಯಾಂಕಿಗೆ ಹೋಗಿ ಇದ್ದದ್ದನ್ನು ಹೇಳಲಿ ಎಂದೆ. ಕಂತು ತಪ್ಪುವ ಮೊದಲೇ ಕೇಳಿದರೆ ಅವಧಿ ಬೆಳೆಸಿ ಕಂತು ಇಳಿಸುವ ದಾರಿ ಉಂಟು. 90 ದಿನ ಬಾಕಿ ದಾಟಿದರೆ ಸಾಲ ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ, ಆ ಮೇಲೆ 2002ರ ಕಾಯಿದೆಯಂತೆ 60 ದಿನದ ನೋಟೀಸು, ಆ ಮೇಲೆ ಜಪ್ತಿ. ಹಿರಿಯರು ಕೇಳಿಕೊಂಡರು. ಕಾಗದಗಳನ್ನು ಮತ್ತೆ ಸುತ್ತಿಕೊಂಡು ಹೋದರು. ಇಡುತ್ತಾರೋ ಬಿಡುತ್ತಾರೋ ನನಗೆ ತಿಳಿಯದು. ತಂದೆಯ ಮನಸ್ಸು.

ಮನೆ ಎತ್ತರವಾಯಿತೆಂದೇ ಈ ಕಷ್ಟವೆಂದು ನಾನು ಹೇಳುತ್ತಿಲ್ಲ. ಎತ್ತರ ಏಕೆ ಬಂತೆಂದು ಕೇಳಬೇಕು. ನೆಲ ಯಾರ ಕೈಯಲ್ಲಿದೆಯೋ ಅವರು ಬೆಲೆ ಏರಿಸಿದಂತೆ ಮನೆ ಮೇಲೇರುತ್ತದೆ. ಇದನ್ನು ಮುಂಬಯಿಯಷ್ಟು ಬಯಲಾಗಿ ಬೇರಾವ ಊರೂ ತೋರಿಸಿಲ್ಲ. ನಮ್ಮ ಸೀಮೆ 1956ರವರೆಗೆ ಮುಂಬಯಿ ಪ್ರಾಂತದಲ್ಲಿಯೇ ಇದ್ದುದರಿಂದ ಹೊಟ್ಟೆಪಾಡಿಗೆ ನಮ್ಮವರೂ ಆ ಊರಿಗೆ ಹೋದವರು. 1982ರ ಜನವರಿಯಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಗಿರಣಿ ಕೆಲಸಗಾರರು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಹೂಡಿದರು. ಮುಷ್ಕರ ಗೆಲ್ಲಲಿಲ್ಲ, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಉಳಿದದ್ದು ಊರ ನಡುವಿನ ನೂರಾರು ಎಕರೆ ಗಿರಣಿ ಜಾಗ. ಆ ಜಾಗ ಮಾರಿದರೆ ಮೂರರಲ್ಲಿ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಸರಕಾರಿ ವಸತಿಗೆ, ಒಂದು ಪಾಲು ಮಾಲಕನಿಗೆ ಎಂದು 1991ರ ನಿಯಮ. 1996ರಲ್ಲಿ ಆ ಜಾಗಗಳಿಗೊಂದು ಒಟ್ಟು ಯೋಜನೆ ಹಾಕಲು ಸಮಿತಿ ಮಾಡಿದರು. ಅದರ ಅಧ್ಯಕ್ಷರು ಯಾರು ಗೊತ್ತೇ? ಚಾರ್ಲ್ಸ್ ಕೊರಿಯಾ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆ ಸಿಕ್ಕಾಗ ನಮ್ಮ ನವನಗರದ ನಕ್ಷೆ ಹಾಕಿದವರೇ ಅವರು. 2001ರಲ್ಲಿ ಮಹಾರಾಷ್ಟ್ರ ಸರಕಾರ ನಿಯಮಕ್ಕೆ ತಿದ್ದುಪಡಿ ತಂದಿತು. ಪಾಲು ಮಾಡಬೇಕಾದದ್ದು ಇಡೀ ಜಾಗವನ್ನಲ್ಲ, ಕಟ್ಟಡವಿಲ್ಲದ ಖಾಲಿ ಜಾಗವನ್ನು ಮಾತ್ರ ಎಂದಿತು. ಗಿರಣಿಯ ಅಂಗಳದಲ್ಲಿ ಖಾಲಿ ಜಾಗ ಎಷ್ಟಿದ್ದೀತು? 2005ರಲ್ಲಿ ಮುಂಬಯಿ ಹೈಕೋರ್ಟು ಅದನ್ನು ತಪ್ಪೆಂದಿತು, 2006ರಲ್ಲಿ ಸುಪ್ರೀಂ ಕೋರ್ಟು ಸರಿಯೆಂದಿತು. ಚಿಮಣಿಗಳಿದ್ದಲ್ಲಿ ಈಗ ಅವನ್ನು ಮೀರಿಸುವ ಗೋಪುರಗಳಿವೆ. ಕೆಲಸಗಾರರ ಮನೆಗಳಿಗೆ ಮೊದಲ ದೊಡ್ಡ ಚೀಟಿ ಎತ್ತಿದ್ದು 2012ರಲ್ಲಿ, ಮುಷ್ಕರವಾಗಿ ಮೂವತ್ತು ವರ್ಷದ ಮೇಲೆ. ಅರ್ಜಿ ಹಾಕಿದವರು ಲಕ್ಷಕ್ಕೂ ಹೆಚ್ಚು, ಮನೆಗಳು ಏಳು ಸಾವಿರವೂ ಇಲ್ಲ.

ಕೊರಿಯಾ ಅವರೂ ಮುಂಬಯಿಯಲ್ಲಿ ಶ್ರೀಮಂತರಿಗೆ ಕಾಂಚನಜಂಗಾ ಎಂಬ ಎತ್ತರದ ಕಟ್ಟಡ ಕಟ್ಟಿಕೊಟ್ಟವರೇ, ಅದು 1983ರಲ್ಲಿ ಮುಗಿಯಿತು. ಆದರೆ ನಮ್ಮಂಥ ಬಿಸಿಲ ದೇಶದ ಬಡವನಿಗೆ ಆಕಾಶ ಕಾಣುವ ಅಂಗಳವೇ ಇನ್ನೊಂದು ಕೋಣೆಯೆಂದು ಅವರ ವಾದ. ನವನಗರ ಸ್ವರ್ಗವಲ್ಲ. ಹಳೆಯ ಪೇಟೆಯ ವ್ಯಾಪಾರಸ್ಥರನ್ನು ಕೇಳಿದರೆ ಕಳೆದುಕೊಂಡ ಗಿರಾಕಿಗಳ, ಚೆದುರಿಹೋದ ಓಣಿಗಳ ಕತೆ ಹೇಳುತ್ತಾರೆ, ಅದು ಖರೆ. ಆದರೂ ಅಲ್ಲಿ ಹಾಳತವಾದ ನಿವೇಶನದ ಮೇಲೆ, ಕೈಯಲ್ಲಿ ಹಣ ಬಂದಂತೆ ಒಂದೊಂದು ಕೋಣೆ ಬೆಳೆಸಿದವರಿದ್ದಾರೆ. ಹದಿನಾಲ್ಕನೆಯ ಅಂತಸ್ತಿನಲ್ಲಿ ಅರ್ಧ ಮನೆ ಕಟ್ಟಿ ಮುಂದಿನ ವರ್ಷ ನೋಡೋಣ ಎನ್ನಲು ಬರುವುದಿಲ್ಲ.

ಕಟ್ಟುವವರ ಮಾತು ಬಿಟ್ಟರೆ ತಪ್ಪಾದೀತು. ನಾನು ಮಾಸ್ತರನಾಗಿದ್ದಾಗ ಸುಗ್ಗಿ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬೀಳುತ್ತಿತ್ತು. ಮಕ್ಕಳು ತಂದೆತಾಯಿಗಳೊಡನೆ ಕಟ್ಟಡದ ಬುಡದ ಪತ್ರಾಸಿನ ಶೆಡ್ಡಿಗೆ ಹೋಗಿರುತ್ತಿದ್ದರು. ಕಟ್ಟಡ ಮುಗಿದ ದಿನ ಶೆಡ್ಡು ಕಿತ್ತುಹಾಕುತ್ತಾರೆ. ತಾನೇ ಗಿಲಾಯಿ ಮಾಡಿದ ಮನೆಗೆ ಆ ಗೌಂಡಿ ಮರುದಿನ ಹೋದರೆ ಕಾವಲುಗಾರ ಹೆಸರು ಬರೆಸಿಕೊಳ್ಳುತ್ತಾನೆ. ಕಾಯಿದೆಯಂತೆ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಂತೆ ಕೂಲಿಕಾರರ ಕಲ್ಯಾಣ ನಿಧಿಗೆ ತುಂಬಬೇಕು. ನೂರು ಕೋಟಿಯ ಕಟ್ಟಡಕ್ಕೆ ಒಂದು ಕೋಟಿ. ಆ ಹಣದ ಸೌಲಭ್ಯ ಹೆಸರು ನೋಂದಾಯಿಸಿದವರಿಗೇ ಹೊರತು ಬೆವರು ಸುರಿಸಿದವರಿಗೆಲ್ಲ ಅಲ್ಲ.

ಫ್ಲಾಟು ಕೊಳ್ಳಲೇಬೇಕೆಂಬ ಮಕ್ಕಳಿದ್ದವರು ಇಷ್ಟು ಕೇಳಿಸಿಕೊಳ್ಳಿರಿ. ರೇರಾ ಎಂಬ 2016ರ ಕಾಯಿದೆಯಂತೆ, ಕರಾರುಪತ್ರ ನೋಂದಣಿ ಆಗದೆ ಬೆಲೆಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಹಣ ಕೇಳುವಂತಿಲ್ಲ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಹಿತ ಹಣ ಮರಳಿ ಕೇಳಬಹುದು, ಇಲ್ಲವೆ ಮನೆ ಕೈಗೆ ಬರುವವರೆಗೆ ತಿಂಗಳು ತಿಂಗಳು ಬಡ್ಡಿ ಕೇಳಬಹುದು. ಅಳತೆ ಕೇಳುವಾಗ ಗೋಡೆಯೊಳಗಿನ ಕಾರ್ಪೆಟ್ ಅಳತೆ ಎಷ್ಟೆಂದು ಕೇಳಿರಿ. ಮೆಟ್ಟಿಲು, ಲಿಫ್ಟಿನ ಜಾಗವನ್ನೆಲ್ಲ ಕೂಡಿಸಿ ಹೇಳುವ ದೊಡ್ಡ ಅಂಕಿಗೆ ಮರುಳಾಗಬೇಡಿರಿ. ಮತ್ತು ಮಗನಿಗೆ ಫೋನು ಮಾಡಿದಾಗ ಮನೆ ಹೇಗಿದೆ ಎಂದು ಕೇಳುವುದಕ್ಕಿಂತ ಮೊದಲು ಕೆಲಸ ಹೇಗಿದೆ ಎಂದು ಕೇಳಿರಿ. ಹೇಳಲಾರದವನಿಗೆ ಹೇಳಲು ಒಂದು ಬಾಗಿಲು ತೆರೆದಂತಾಗುತ್ತದೆ.

ಗೌಂಡಿ ಕೆಲಸಕ್ಕೆ ಹೋಗಿ ಬಂದವರು ಈ ಸಭೆಯಲ್ಲಿ ಬಹಳ ಮಂದಿ ಕಾಣುತ್ತಿದ್ದಾರೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಮತ್ತು ವಯಸ್ಸಿನ ದಾಖಲೆ ಇದ್ದು, 18ರಿಂದ 60ರ ಒಳಗಿನವರಾದರೆ ಹೆಸರು ನೋಂದಾಯಿಸಬಹುದು. ಬರುವ ರವಿವಾರ ಮುಂಜಾನೆ ನಮ್ಮ ಕಚೇರಿಯಲ್ಲಿ ನಾನೇ ಕುಳಿತಿರುತ್ತೇನೆ. ಕಾಗದಗಳನ್ನು ತೆಗೆದುಕೊಂಡು ಬನ್ನಿರಿ, ಹೆಣ್ಣಾಳುಗಳೂ ತಪ್ಪದೆ ಬರಬೇಕು, ಅರ್ಜಿ ನಾನು ಬರೆದುಕೊಡುತ್ತೇನೆ.