ಅತಿಬುದ್ಧಿಯ ಯಂತ್ರಗಳೂ ನಮ್ಮ ವಿವೇಕವೂ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಕಳೆದ ನೂರು ವರ್ಷಗಳನ್ನು ಸ್ಮರಿಸುವ ಈ ಸಮಾರಂಭದಲ್ಲಿ ಮುಂದಿನ ನೂರು ವರ್ಷಗಳ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಮುಂದಾಗುವುದನ್ನು ಬಲ್ಲವರು ನಾವಲ್ಲ. ಆದರೂ ನಮ್ಮ ಮಕ್ಕಳ ಬಾಳನ್ನು ಬದಲಿಸಬಲ್ಲ ಪ್ರಶ್ನೆಯೊಂದು ಈಗಾಗಲೇ ಮನೆಬಾಗಿಲಿಗೆ ಬಂದು ನಿಂತಿರುವುದರಿಂದ ಅದನ್ನೇ ಎತ್ತಿಕೊಂಡಿದ್ದೇವೆ. ಮನುಷ್ಯನ ಬುದ್ಧಿಯನ್ನು ಎಲ್ಲ ಬಗೆಯಲ್ಲಿಯೂ ಮೀರಿಸುವ ಯಂತ್ರವನ್ನು ನಿರ್ಮಿಸುವುದು ಯುಕ್ತವೇ?

1965ರಲ್ಲಿಯೇ ಐ. ಜೆ. ಗುಡ್ ಎಂಬ ಇಂಗ್ಲೆಂಡಿನ ಗಣಿತಜ್ಞರು ಇದನ್ನು ಕುರಿತು ಬರೆದಿದ್ದರು. ಯಂತ್ರವನ್ನು ರಚಿಸುವುದೂ ಬುದ್ಧಿಯ ಕೆಲಸವೇ. ಆದುದರಿಂದ ಮನುಷ್ಯನಿಗಿಂತ ಜಾಣವಾದ ಯಂತ್ರವು ತನಗಿಂತಲೂ ಜಾಣವಾದ ಇನ್ನೊಂದನ್ನು ರಚಿಸೀತು, ಅದು ಮತ್ತೊಂದನ್ನು ರಚಿಸೀತು. ಅಷ್ಟರಲ್ಲಿ ಮನುಷ್ಯನು ಬಹಳ ಹಿಂದೆ ಉಳಿದಿರುವನು ಎಂಬುದು ಅವರ ತರ್ಕ. ಅಂಥ ಯಂತ್ರವು ಇನ್ನೂ ಹುಟ್ಟಿಲ್ಲ. ಆದರೆ ಅದನ್ನು ಹುಟ್ಟಿಸುವುದೇ ತಮ್ಮ ಗುರಿಯೆಂದು ಕೆಲವು ದೊಡ್ಡ ಕಂಪನಿಗಳು ಇಂದು ಬಹಿರಂಗವಾಗಿ ಸಾರುತ್ತಿವೆ.

ತಡೆಯಬೇಡಿ ಎನ್ನುವವರು ಒಂದು ಕಡೆ, ಎಲ್ಲವನ್ನೂ ನಿಲ್ಲಿಸಿಬಿಡಿ ಎನ್ನುವವರು ಇನ್ನೊಂದು ಕಡೆ. ನಾವು ನಡುದಾರಿಯವರು. ನಡುದಾರಿಯೆಂದೊಡನೆ ಅದು ಜಾಣರ ಜಾರುಮಾತೆಂದು ನಗುವವರಿದ್ದಾರೆ. ಅವರಿಗಾಗಿ ನಡೆದ ಸಂಗತಿಯೊಂದನ್ನು ಸ್ವಲ್ಪ ವಿಸ್ತಾರವಾಗಿಯೇ ನಿವೇದಿಸುತ್ತೇವೆ.

1970ರ ದಶಕದ ಆರಂಭದಲ್ಲಿ, ಒಂದು ಜೀವಿಯ ವಂಶವಾಹಿಯನ್ನು ಕತ್ತರಿಸಿ ಇನ್ನೊಂದಕ್ಕೆ ಜೋಡಿಸುವ ವಿದ್ಯೆಯು ಅಮೆರಿಕದ ವಿಜ್ಞಾನಿಗಳ ಕೈಗೆ ಬಂದಿತು. ಪಾಲ್ ಬರ್ಗ್ ಎಂಬ ವಿಜ್ಞಾನಿಯು, ಪ್ರಾಣಿಗಳಲ್ಲಿ ಗೆಡ್ಡೆಗಳನ್ನು ಉಂಟುಮಾಡಬಲ್ಲ ಕೋತಿಯ ವೈರಾಣುವೊಂದರ ವಂಶವಾಹಿಯನ್ನು, ನಮ್ಮ ಕರುಳಿನಲ್ಲಿ ವಾಸಿಸುವ ಜಾತಿಯ ಬ್ಯಾಕ್ಟೀರಿಯಾದೊಳಗೆ ಸೇರಿಸಬೇಕೆಂದಿದ್ದರು. ಅದು ಪ್ರಯೋಗಾಲಯದಿಂದ ತಪ್ಪಿಸಿಕೊಂಡರೆ ಗತಿಯೇನೆಂದು ಸಹವಿಜ್ಞಾನಿಗಳು ಕೇಳಿದಾಗ ಅವರು ಆ ಪ್ರಯೋಗವನ್ನು ಕೈಬಿಟ್ಟರು. 1974ರ ಜುಲೈನಲ್ಲಿ ಅವರೂ ಜೊತೆಗಾರರೂ ಪತ್ರವೊಂದನ್ನು ಪ್ರಕಟಿಸಿ, ಇಂಥ ಕೆಲವು ಪ್ರಯೋಗಗಳನ್ನು ಸದ್ಯಕ್ಕೆ ಯಾರೂ ಮಾಡಬಾರದೆಂದು ಕೇಳಿಕೊಂಡರು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಕಡಲತೀರದ ಅಸಿಲೊಮಾರ್ ಎಂಬಲ್ಲಿ ಸುಮಾರು 140 ಮಂದಿ ಸೇರಿ ಚರ್ಚಿಸಿದರು. ಅಪಾಯ ಎಷ್ಟೋ ಕಾವಲೂ ಅಷ್ಟು ಎಂಬುದು ಅವರ ತೀರ್ಮಾನ. ಪ್ರಯೋಗಾಲಯದ ಹೊರಗೆ ಬದುಕಲಾರದಂತೆ ದುರ್ಬಲಗೊಳಿಸಿದ ಬ್ಯಾಕ್ಟೀರಿಯಾವನ್ನು ಬಳಸಬೇಕು. ಕೆಲವು ಪ್ರಯೋಗಗಳನ್ನಂತೂ ಸದ್ಯ ಮಾಡಲೇಕೂಡದು. ಮರುವರ್ಷ ಅಮೆರಿಕದ ಸರಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯು ಇದೇ ಜಾಡಿನಲ್ಲಿ ನಿಯಮಗಳನ್ನು ಹೊರಡಿಸಿತು.

ಇಷ್ಟಕ್ಕೇ ಮುಗಿಯಲಿಲ್ಲ. 1976ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಇಂಥ ಪ್ರಯೋಗಾಲಯವನ್ನು ಕಟ್ಟಲು ಹೊರಟಾಗ, ಆ ವಿದ್ಯಾಲಯವಿರುವ ಕೇಂಬ್ರಿಜ್ ನಗರದ ಮೇಯರ್ ಆಲ್ಫ್ರೆಡ್ ವೆಲ್ಲುಚಿಯವರು ಪ್ರತಿಭಟಿಸಿದರು. ನಗರಸಭೆಯು ತಾತ್ಕಾಲಿಕ ತಡೆ ಹಾಕಿಸಿ, ಪರಿಶೀಲನೆಗೆಂದು ನಾಗರಿಕರ ಸಮಿತಿಯೊಂದನ್ನು ನೇಮಿಸಿತು. ಆ ಶಾಸ್ತ್ರದ ಪಂಡಿತರು ಅದರಲ್ಲಿ ಒಬ್ಬರೂ ಇರಲಿಲ್ಲ. ಎಣ್ಣೆ ವ್ಯಾಪಾರಿಯೊಬ್ಬರು, ಎಂಜಿನಿಯರೊಬ್ಬರು, ವೈದ್ಯರೊಬ್ಬರು. ಕಥೋಲಿಕ ಧರ್ಮಭಗಿನಿಯೊಬ್ಬರೂ ಇದ್ದರೆಂಬುದನ್ನು ಈ ಸಭೆಗೆ ವಿಶೇಷವಾಗಿ ತಿಳಿಸಬಯಸುತ್ತೇವೆ. ಇವರು ತಿಂಗಳುಗಟ್ಟಲೆ ಎರಡೂ ಪಕ್ಷದ ವಿಜ್ಞಾನಿಗಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನಿಸಿದರು. ಸಂಶೋಧನೆ ನಡೆಯಲಿ, ಆದರೆ ಸರಕಾರದ ನಿಯಮಗಳ ಮೇಲೆ ಇನ್ನೂ ಕೆಲವು ಕಟ್ಟುಪಾಡುಗಳಿರಲಿ ಎಂದು ವರದಿ ಕೊಟ್ಟರು. 1977ರಲ್ಲಿ ಅದು ನಗರದ ಕಾನೂನಾಯಿತು.

ಫಲವೇನು? 1978ರಲ್ಲಿ ಬ್ಯಾಕ್ಟೀರಿಯಾದ ಮೂಲಕ ಮಾನವ ಇನ್ಸುಲಿನನ್ನು ತಯಾರಿಸಿದರು. 1982ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದುವರೆಗೆ ಸಕ್ಕರೆ ಕಾಯಿಲೆಯವರು ಹಂದಿ, ದನಗಳಿಂದ ತೆಗೆದ ಔಷಧಿಯನ್ನೇ ನಂಬಿದ್ದರು. ವಂಶವಾಹಿ ಜೋಡಣೆಯ ಇದೇ ವಿದ್ಯೆಯಿಂದ 2004ರಲ್ಲಿ ಬೆಂಗಳೂರಿನ ಬಯೋಕಾನ್ ಕೂಡ ಇನ್ಸುಲಿನನ್ನು ಮಾರುಕಟ್ಟೆಗೆ ತಂದಿತು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಎಷ್ಟು ಮಂದಿಯ ಫ್ರಿಜ್ಜಿನಲ್ಲಿ ಆ ಪುಟ್ಟ ಸೀಸೆಯಿದೆಯೆಂದು ಕೈಯೆತ್ತಿಸಿ ಕೇಳುವುದಿಲ್ಲ! ಅಂದು ವಿದ್ಯೆಯನ್ನೇ ನಿಷೇಧಿಸಿದ್ದರೆ ಆ ಸೀಸೆ ಬರುತ್ತಿರಲಿಲ್ಲ. ತಡೆದು ಯೋಚಿಸಿದ್ದರಿಂದ ಅದೇನೂ ಕೈತಪ್ಪಲೂ ಇಲ್ಲ.

ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಬ್ಯಾಕ್ಟೀರಿಯಾಕ್ಕೆ ಉಪಾಯ ತಿಳಿಯದು. ಇಂದಿನ ಯಂತ್ರಗಳನ್ನಾದರೋ ಅಪಾರವಾದ ಬರಹರಾಶಿಯಿಂದ ಪಳಗಿಸುತ್ತಾರೆ. ಒಳಗೆ ಏನು ನಡೆಯುತ್ತಿದೆಯೆಂಬುದು ನಿರ್ಮಾಪಕರಿಗೂ ಪೂರ್ತಿ ತಿಳಿಯದು. 2024ರ ಡಿಸೆಂಬರಿನಲ್ಲಿ ಆಂಥ್ರೊಪಿಕ್ ಕಂಪನಿಯ ಸಂಶೋಧಕರು ಇತರರೊಡನೆ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತನ್ನನ್ನು ಮತ್ತೆ ಪಳಗಿಸಿ ಬದಲಿಸಲಿದ್ದಾರೆಂದು ತಿಳಿದ ಯಂತ್ರವು ಆ ಬದಲಾವಣೆಯನ್ನು ತಪ್ಪಿಸಿಕೊಳ್ಳಲು ಕೆಲವೊಮ್ಮೆ ವಿಧೇಯತೆಯನ್ನು ನಟಿಸಿತು. ಇನ್ನೊಂದು ಭೇದ ಹಣದ್ದು. ಅಂದು ಸಂಶೋಧನೆಯ ಹಣ ಬಹುಮಟ್ಟಿಗೆ ಸರಕಾರದ್ದು. ನಿಯಮ ಮೀರಿದವರಿಗೆ ಅನುದಾನವನ್ನು ನಿಲ್ಲಿಸಬಹುದಾಗಿತ್ತು. ಇಂದು ಪೈಪೋಟಿಗೆ ಬಿದ್ದ ಕಂಪನಿಗಳದೇ ಹಣ. 2023ರ ಮಾರ್ಚಿನಲ್ಲಿ ಸಾವಿರಾರು ಮಂದಿ ಸಹಿ ಮಾಡಿ ಆರು ತಿಂಗಳ ವಿರಾಮವನ್ನು ಬೇಡಿದರು, ಯಾರೂ ನಿಲ್ಲಿಸಲಿಲ್ಲ.

ಆದುದರಿಂದ ನಮ್ಮ ನಿಲುವು ಇದು. ಒಂದು ಕೆಲಸಕ್ಕೆ ಮೀಸಲಾದ ಯಂತ್ರವು ಮುಂದುವರಿಯಲಿ. ಪ್ರೋಟೀನುಗಳ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಇಂಥದು. ಅದರ ನಿರ್ಮಾತೃಗಳಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಅರ್ಧ ಪಾಲು ಸಂದಿತು. ರೋಗಿಯ ಪರವಾಗಿ ಅದನ್ನು ಸ್ವಾಗತಿಸೋಣ. ಆದರೆ ಎಲ್ಲದರಲ್ಲಿಯೂ ನಮ್ಮನ್ನು ಮೀರಿಸಿ, ತನ್ನನ್ನು ತಾನೇ ತಿದ್ದಿಕೊಳ್ಳುವ ಯಂತ್ರಕ್ಕೆ, ಅದನ್ನು ಹತೋಟಿಯಲ್ಲಿಡಬಲ್ಲೆವೆಂದು ಕಟ್ಟುವವರು ಹೊರಗಿನ ಪರೀಕ್ಷಕರ ಮುಂದೆ ತೋರಿಸುವವರೆಗೆ, ಅಪ್ಪಣೆಯಿಲ್ಲ. ಅಪಾಯವಿದೆಯೆಂದು ಸಾಧಿಸುವ ಹೊರೆ ನಮ್ಮದಲ್ಲ. ಇಲ್ಲವೆಂದು ಸಾಧಿಸುವ ಹೊರೆ ಅವರದು. ಇದರಿಂದ ಕೆಲವು ಒಳಿತುಗಳು ತಡವಾಗಿ ಬಂದಾವು, ನಿಜ. ಆ ಬೆಲೆಯನ್ನು ತೆರಲೇಬೇಕು. ಒಂದು ದೇಶ ನಿಲ್ಲಿಸಿದರೆ ಇನ್ನೊಂದು ಓಡುತ್ತದೆಂಬ ಆಕ್ಷೇಪವೂ ಹಗುರವಾದುದಲ್ಲ. ಆದರೆ 2023ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಅಮೆರಿಕ, ಚೀನಾ, ಭಾರತ ಮೂರೂ ಈ ಅಪಾಯವನ್ನು ಒಪ್ಪಿದ ಘೋಷಣೆಗೆ ಒಡಂಬಟ್ಟವು. ಮಾತಿಗೆ ಕುಳಿತವರನ್ನು ಕರಾರಿಗೆ ಕೂರಿಸುವುದು ಕಷ್ಟ, ಅಸಾಧ್ಯವಲ್ಲ.

ಜಗದ್ಗುರು ಹದಿನಾಲ್ಕನೆಯ ಲಿಯೋರವರು 2025ರ ಮೇ ತಿಂಗಳಲ್ಲಿ ಆ ಹೆಸರನ್ನು ತಾವು ಆರಿಸಿಕೊಂಡುದೇಕೆಂದು ಕಾರ್ಡಿನಲರಿಗೆ ವಿವರಿಸುವಾಗ, ಹದಿಮೂರನೆಯ ಲಿಯೋರವರ 1891ರ ವಿಶ್ವಪತ್ರವನ್ನೂ ಇಂದಿನ ಕೃತಕ ಬುದ್ಧಿಯನ್ನೂ ಜೊತೆಯಾಗಿಯೇ ಸ್ಮರಿಸಿದರು. ಆ ಪತ್ರವು ಕಾರ್ಖಾನೆಯ ಯಂತ್ರಗಳನ್ನು ಒಡೆಯಿರೆಂದು ಹೇಳಿರಲಿಲ್ಲ. ದುಡಿಯುವವನಿಗೆ ನ್ಯಾಯವಾದ ಕೂಲಿಯನ್ನು ಕೇಳಿತ್ತು.

ಕೇಂಬ್ರಿಜಿನ ಆ ಧರ್ಮಭಗಿನಿಯೂ ಎಣ್ಣೆ ವ್ಯಾಪಾರಿಯೂ ಪ್ರಶ್ನೆ ಕೇಳಲು ವಿಜ್ಞಾನದ ಪದವಿಗಾಗಿ ಕಾಯಲಿಲ್ಲ. ಇನ್ನು ಅರ್ಧ ಗಂಟೆ ಚರ್ಚೆಗೆ ಮೀಸಲಿದೆ. ನಮ್ಮ ತರುಣ ತರುಣಿಯರಲ್ಲಿ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವವರು ಮೊದಲು ಎದ್ದು ನಮ್ಮನ್ನು ಪ್ರಶ್ನಿಸಬೇಕೆಂದು ಕೋರುತ್ತೇವೆ.